ಮೆಸ್ ರೂಮಿನ ಗೋಡೆಯ ಮೇಲಿನ ಕಾಗದ: ಹಡಗು ಮಾಲೀಕರ ವಿಮಾ ಕ್ಲಬ್ಬುಗಳಿಗೆ ಒಂದು ಬಹಿರಂಗ ಪತ್ರ

ಗೆ,
ನಿರ್ದೇಶಕರು ಹಾಗೂ ವ್ಯವಸ್ಥಾಪಕರು,
ಹಡಗು ಮಾಲೀಕರ ಪರಸ್ಪರ ಹೊಣೆಗಾರಿಕೆ ವಿಮಾ ಸಂಘಗಳು (ಪ್ರೊಟೆಕ್ಷನ್ ಅಂಡ್ ಇಂಡೆಮ್ನಿಟಿ, ಅಂದರೆ ಪಿ ಅಂಡ್ ಐ ಕ್ಲಬ್ಬುಗಳು)

ವಿಷಯ: ಗಾಯಗೊಂಡ, ತೀರಿಕೊಂಡ, ನಡುನೀರಿನಲ್ಲಿ ಮಾಲೀಕರು ಕೈಬಿಟ್ಟ ನಾವಿಕರಿಗೆ ಪರಿಹಾರವನ್ನು ತಡವಿಲ್ಲದೆ ನೇರವಾಗಿ ತಲುಪಿಸುವ ಕುರಿತು

ಮಾನ್ಯರೇ,

ನಾನು 24 ವರ್ಷ ಸರಕು ಹಡಗುಗಳಲ್ಲಿ ದುಡಿದವನು. ಡೆಕ್ ಕೆಡೆಟ್ ಆಗಿ ಹತ್ತಿದೆ, ಕ್ಯಾಪ್ಟನ್ನರ ನಂತರದ ಸ್ಥಾನವಾದ ಚೀಫ್ ಆಫೀಸರ್ ಆಗಿ ಇಳಿದೆ. ಇಷ್ಟು ವರ್ಷಗಳಲ್ಲಿ ನಿಮ್ಮಲ್ಲಿ ಒಬ್ಬರನ್ನೂ ಮುಖತಃ ಕಂಡಿಲ್ಲ. ಆದರೆ ನಿಮ್ಮ ಹೆಸರನ್ನು ದಿನಕ್ಕೆ ಮೂರು ಹೊತ್ತು, ಊಟಕ್ಕೆ ಕೂತಾಗಲೆಲ್ಲ ಓದಿದ್ದೇನೆ. ಕಡಲ ಕಾರ್ಮಿಕರ ಒಡಂಬಡಿಕೆಗೆ, ಹಡಗಿನವರ ಬಾಯಲ್ಲಿ ಎಂಎಲ್‌ಸಿ 2006, ಆದ ತಿದ್ದುಪಡಿಗಳು 2017ರ ಜನವರಿ 18ರಂದು ಜಾರಿಗೆ ಬಂದ ಮೇಲೆ ಎಲ್ಲರಿಗೂ ಕಾಣುವ ಜಾಗದಲ್ಲಿ ಎರಡು ಪ್ರಮಾಣಪತ್ರ ತೂಗಬೇಕೆಂಬ ನಿಯಮವಾಯಿತು. ಮಾಲೀಕ ಕೈಬಿಟ್ಟರೆ ನಮ್ಮನ್ನು ಮನೆಗೆ ಕಳಿಸುವವರು ಯಾರು ಎಂದು ಒಂದು ಹೇಳುತ್ತದೆ. ಕೆಲಸದಲ್ಲಿ ಸತ್ತರೆ, ಶಾಶ್ವತವಾಗಿ ಅಂಗವಿಕಲರಾದರೆ ಹಣ ಕೊಡುವವರು ಯಾರು ಎಂದು ಇನ್ನೊಂದು. ಎರಡರ ಮೇಲೂ ಸಾಮಾನ್ಯವಾಗಿ ನಿಮ್ಮದೇ ಕ್ಲಬ್ಬಿನ ಹೆಸರು, ನಿಮ್ಮದೇ ಫೋನ್ ನಂಬರು.

ನಾನು ಕೊನೆಯದಾಗಿ ದುಡಿದ ಹಡಗಿನಲ್ಲಿ ಆ ಕಾಗದಗಳು ಪ್ಲಾಸ್ಟಿಕ್ ಕವರಿನೊಳಗೆ ಇದ್ದವು. ಅಡುಗೆಮನೆಯ ಉಗಿ ಕವರಿನ ಮೂಲೆಯಲ್ಲಿ ನೀರಾಗಿ ನಿಂತಿತ್ತು. ಗುಂಡುಪಿನ್ನಿನ ತುಕ್ಕು ಕಾಗದಕ್ಕೆ ಇಳಿದು ಫೋನ್ ನಂಬರಿನ ಕೊನೆಯ ಎರಡು ಅಂಕಿಗಳನ್ನು ಮುಚ್ಚಿಬಿಟ್ಟಿತ್ತು. ಆ ಅಂಕಿಗಳು ಬೇಕಾದ ದಿನದ ವಿಚಾರವನ್ನು ಮುಂದೆ ಹೇಳುತ್ತೇನೆ. ಮೊದಲು ಒಬ್ಬ ನಾವಿಕನ ಕಾಲಿನ ಕಥೆ ಹೇಳಬೇಕು.

ಅದು ಬೇರೆ ಹಡಗು, ಬೇರೆ ಮಾಲೀಕರು. ಬೆಳಗಿನ ಜಾವ ಬಂದರಿನೊಳಗೂ ಅಲೆಯ ತೊಯ್ದಾಟ ಇತ್ತು. ನಾನು ಮುಂಭಾಗದಲ್ಲಿ ಹಡಗು ಕಟ್ಟಿಸುತ್ತಿದ್ದೆ. ಹಡಗನ್ನು ದಡಕ್ಕೆ ಕಟ್ಟುವ ಸ್ಪ್ರಿಂಗ್ ಹಗ್ಗ ಬಿಗಿಯಾಗುತ್ತಾ ಹೋಗಿ ಒಮ್ಮೆಲೇ ಕಿತ್ತಿತು. ಹಗ್ಗ ಕಿತ್ತು ಹಿಂದಕ್ಕೆ ಬೀಸುವುದನ್ನು ಕಣ್ಣಿನಿಂದ ನೋಡಲಾಗುವುದಿಲ್ಲ, ಸದ್ದು ಮಾತ್ರ ಕೇಳುತ್ತದೆ. ತಿರುಗಿ ನೋಡಿದರೆ ನಮ್ಮ ಎಬಿ (ಡೆಕ್ಕಿನ ಅನುಭವಿ ನಾವಿಕ) ಹಗ್ಗ ಸುತ್ತುವ ವಿಂಚಿನ ಪಕ್ಕ ಕೂತಿದ್ದ. ಬಿದ್ದವನ ಹಾಗೆ ಇರಲಿಲ್ಲ, ಸುಸ್ತಾಗಿ ಕೂತವನ ಹಾಗಿದ್ದ. ಅವನ ಬಲಗಾಲಿನ ಬೂಟು ಮಾತ್ರ ಹಿಮ್ಮುಖವಾಗಿ ತಿರುಗಿತ್ತು. "ಸರ್, ಕಾಲು ಇದೆಯಾ?" ಎಂದು ಕೇಳಿದ.

ಅಂದು ಮಧ್ಯಾಹ್ನದೊಳಗೆ ನಿಮ್ಮಲ್ಲೊಂದು ಕ್ಲಬ್ಬಿನ ಸ್ಥಳೀಯ ಕರೆಸ್ಪಾಂಡೆಂಟ್, ಅಂದರೆ ಆ ಬಂದರಿನಲ್ಲಿ ಕ್ಲಬ್ಬಿನ ಕೆಲಸ ನೋಡಿಕೊಳ್ಳುವ ಪ್ರತಿನಿಧಿ, ಆಸ್ಪತ್ರೆಯಲ್ಲಿದ್ದರು. ಶಸ್ತ್ರಚಿಕಿತ್ಸೆಗೆ ಗ್ಯಾರಂಟಿ ಪತ್ರ ಕೊಟ್ಟರು, ದುಭಾಷಿಯನ್ನು ಕರೆತಂದರು, ಅವನ ಹೆಂಡತಿಗೆ ತಮ್ಮ ಫೋನಿನಿಂದಲೇ ಕರೆ ಮಾಡಿಸಿದರು. ಅವರು ಮಾಡಿದ ಉಪಕಾರವನ್ನು ನಾನು ಮರೆತಿಲ್ಲ. ನಿಮ್ಮ ವ್ಯವಸ್ಥೆ ಇಲ್ಲದಿದ್ದರೆ ಗುರುತು ಪರಿಚಯವಿಲ್ಲದ ಆ ಊರಿನಲ್ಲಿ ಅವನ ಕಾಲು ಉಳಿಯುತ್ತಿರಲಿಲ್ಲ. ನಡುಸಮುದ್ರದಲ್ಲಿ ಎದೆನೋವು ಬಂದವನಿಗಾಗಿ ಹಡಗು ದಿಕ್ಕು ಬದಲಿಸಿದರೆ ಅದರ ಖರ್ಚು ಭರಿಸುವವರೂ ನೀವೇ. ಸತ್ತವನ ದೇಹವನ್ನು ಮನೆಗೆ ಮುಟ್ಟಿಸುವವರೂ ನೀವೇ. ಇದನ್ನೆಲ್ಲ ಒಪ್ಪಿಕೊಂಡೇ ನನ್ನ ದೂರು ಶುರುವಾಗುತ್ತದೆ.

ಮಾರನೆಯ ದಿನ ಒಬ್ಬ ವಕೀಲರು ಹಡಗಿಗೆ ಬಂದರು. ಬಹಳ ಸೌಜನ್ಯದ ಮನುಷ್ಯ. "ಅಪಘಾತದ ವಿಚಾರಣೆಗೆ ಬಂದಿದ್ದೇನೆ" ಎಂದರೇ ಹೊರತು ಯಾರ ಪರವಾಗಿ ಎಂದು ಹೇಳಲಿಲ್ಲ. ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಮೂರು ಗಂಟೆ ನನ್ನ ಹೇಳಿಕೆ ಬರೆದುಕೊಂಡರು. ಅವನು ಎಲ್ಲಿ ನಿಂತಿದ್ದ, ಅಲ್ಲಿ ನಿಲ್ಲಬಾರದೆಂದು ಹೇಳಿದ್ದಿರಾ, ತರಬೇತಿ ಆಗಿತ್ತಾ ಎಂದು ಸುತ್ತಿ ಬಳಸಿ ಕೇಳಿದರು. ಆ ಹಗ್ಗ ಬದಲಿಸಬೇಕೆಂದು ಕಂಪನಿಗೆ ಎರಡು ಸಲ ಬೇಡಿಕೆ ಕಳಿಸಿದ್ದೆ ಎಂದೆ, ಅದನ್ನೂ ಬರೆದುಕೊಂಡರು. ಸಹಿಗೆಂದು ಹೇಳಿಕೆ ಬಂದಾಗ ಹಗ್ಗದ ವಿಚಾರ ಒಂದು ಸಾಲಿನಲ್ಲಿತ್ತು, ಅವನು ನಿಂತ ಜಾಗದ ವಿಚಾರ ಅರ್ಧ ಪುಟ ಇತ್ತು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಸಹಿ ಹಾಕಿದೆ. ಆ ಸಹಿ ಇಂದಿಗೂ ನನ್ನನ್ನು ಚುಚ್ಚುತ್ತದೆ. ಕಿತ್ತ ಹಗ್ಗ ಎತ್ತ ಬೀಸುತ್ತದೆ ಎಂದು ಯಾರೂ ಮೊದಲೇ ಹೇಳಲಾರರು. ಡೆಕ್ಕಿನ ಮೇಲೆ ಅಪಾಯದ ಗೆರೆ ಬಳಿದರೆ ಅದರಾಚೆ ಕ್ಷೇಮ ಎಂಬ ಭ್ರಮೆ ಹುಟ್ಟುತ್ತದೆ ಎಂಬುದು ನಿಮ್ಮ ತಜ್ಞರಿಗೂ ಗೊತ್ತಿರುವ ಮಾತು.

ಅವನು ಮನೆಗೆ ಹೋದ. ಎಂಎಲ್‌ಸಿ ಪ್ರಕಾರ ಗಾಯಾಳುವಿಗೆ ಸಂಬಳ ಕೊಡುವ ಹೊಣೆಯನ್ನು ದೇಶದ ಕಾನೂನು 16 ವಾರಕ್ಕೆ ಸೀಮಿತಗೊಳಿಸಬಹುದು. ಅವನಿಗೂ 16 ವಾರ ಬಂತು, ನಿಂತಿತು. ಆಮೇಲೆ ಅಂಗವೈಕಲ್ಯ ಎಷ್ಟು ಎಂಬ ಲೆಕ್ಕಾಚಾರ. ಕಂಪನಿಯ ವೈದ್ಯರು ಒಂದು ದರ್ಜೆ ಹೇಳಿದರು, ಅವನು ತೋರಿಸಿದ ವೈದ್ಯರು ಬೇರೆ ದರ್ಜೆ ಹೇಳಿದರು. ಹಡಗಿಗೆ ನಾವಿಕರನ್ನು ಸೇರಿಸುವ ಮ್ಯಾನಿಂಗ್ ಏಜೆಂಟ್ "ಮಾಲೀಕರನ್ನು ಕೇಳಿದ್ದೇವೆ" ಎಂದರು, ಮಾಲೀಕರು "ಕ್ಲಬ್ಬಿಗೆ ಬರೆದಿದ್ದೇವೆ" ಎಂದರು, ಕ್ಲಬ್ಬಿನವರು "ನಮ್ಮ ವ್ಯವಹಾರ ನಮ್ಮ ಸದಸ್ಯರೊಂದಿಗೆ" ಎಂದರು. 14ನೇ ತಿಂಗಳಲ್ಲಿ ಅವನು ನನಗೆ ಫೋನ್ ಮಾಡಿದ. "ಸರ್, ಇಂಗ್ಲಿಷಿನಲ್ಲಿ ಒಂದು ಕಾಗದ ಕೊಟ್ಟಿದ್ದಾರೆ. ಇದಕ್ಕೆ ಸಹಿ ಹಾಕಿದರೆ ನಾಳೆಯೇ ದುಡ್ಡಂತೆ. ಹಾಕಲಾ?" ಅದು ಪೂರ್ಣ ಮತ್ತು ಅಂತಿಮ ಇತ್ಯರ್ಥದ ಪತ್ರ. ಅದರಲ್ಲಿದ್ದ ಮೊತ್ತ ಅವನ ಕರಾರಿನ ಕೋಷ್ಟಕದಲ್ಲಿದ್ದ ಮೊತ್ತದ ಅರ್ಧಕ್ಕೂ ಕಡಿಮೆ. ಹಾಕಬೇಡ ಎಂದೆ. "ಹಾಕದಿದ್ದರೆ ಇನ್ನೆಷ್ಟು ತಿಂಗಳು ಸರ್?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಅವನು ಸಹಿ ಹಾಕಿದ.

ಕರಾರಿಗಿಂತ ಕಡಿಮೆ ಹಣಕ್ಕೆ ಒಪ್ಪುವಂತೆ ನಾವಿಕನ ಮೇಲೆ ಒತ್ತಡ ಹೇರಬಾರದು, ದೀರ್ಘಕಾಲದ ಅಂಗವೈಕಲ್ಯವನ್ನು ಅಳೆಯುವುದು ತಡವಾದರೆ ಕಷ್ಟಕ್ಕೆ ಸಿಲುಕದಂತೆ ಮಧ್ಯಂತರ ಹಣ ಕೊಡಬೇಕು ಎಂದು 2017ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿದೆ. ನೀವು ಗೋಡೆಗೆ ತೂಗುಹಾಕಿರುವ ಪ್ರಮಾಣಪತ್ರ ನಿಂತಿರುವುದೇ ಈ ಮಾತಿನ ಮೇಲೆ. ಯಾರೂ ಅವನ ಕೈ ಹಿಡಿದು ಸಹಿ ಹಾಕಿಸಲಿಲ್ಲ ಎಂಬುದು ನಿಜ. ಸಂಬಳವಿಲ್ಲದ ಹತ್ತು ತಿಂಗಳು ಹಾಕಿಸಿದವು.

ಹೀಗೇಕಾಗುತ್ತದೆ ಎಂದು ಆಮೇಲೆ ಹುಡುಕಿಕೊಂಡು ಹೋದೆ. ನಿಮಗೆ ಗೊತ್ತಿರುವುದನ್ನೇ ನಿಮಗೆ ಹೇಳುತ್ತಿದ್ದೇನೆ, ಆದರೆ ಈ ಪತ್ರ ಓದುವ ನಾವಿಕರ ಮನೆಯವರಿಗೆ ಇದು ತಿಳಿಯಬೇಕು. ಕ್ಲಬ್ ಎಂದರೆ ಲಾಭಕ್ಕೆ ನಡೆಯುವ ವಿಮಾ ಕಂಪನಿಯಲ್ಲ. ಮಾಲೀಕರೇ ಸೇರಿ ಕಟ್ಟಿದ ಸಂಘ, ಅವರೇ ವಿಮೆ ಮಾಡಿಸುವವರು, ಅವರೇ ವಿಮೆ ಕೊಡುವವರು. ಕಟ್ಟುವ ಹಣಕ್ಕೆ ಪ್ರೀಮಿಯಂ ಎನ್ನುವುದಿಲ್ಲ, ಕಾಲ್ ಎನ್ನುತ್ತಾರೆ. ವರ್ಷದ ಕೊನೆಗೆ ಸಾಲದಿದ್ದರೆ ಮತ್ತೆ ಕರೆದು ವಸೂಲಿ ಮಾಡಬಹುದು. ವಿಮಾ ವರ್ಷ ಫೆಬ್ರವರಿ 20ರ ಮಧ್ಯಾಹ್ನಕ್ಕೆ ಶುರುವಾಗುತ್ತದೆ. ಬಾಲ್ಟಿಕ್ ಸಮುದ್ರದ ಹಿಮ ಕರಗಿ ಹಡಗುಗಳು ಹೊರಡುತ್ತಿದ್ದ ಕಾಲದ ಲೆಕ್ಕ ಅದು. ಇಂಥ 12 ಕ್ಲಬ್ಬುಗಳು ಸೇರಿದ ಅಂತರರಾಷ್ಟ್ರೀಯ ಗುಂಪು ಜಗತ್ತಿನ ಸಾಗರಯಾನದ ಹಡಗುಗಳ ಟನ್ನೇಜಿನಲ್ಲಿ ಸುಮಾರು ಶೇ 90ರಷ್ಟಕ್ಕೆ ವಿಮೆ ಕೊಡುತ್ತದೆ. ಒಂದು ಕ್ಲಬ್ಬಿಗೆ ಭಾರಿ ಹೊಡೆತ ಬಿದ್ದರೆ ಉಳಿದ ಕ್ಲಬ್ಬುಗಳೂ ಹೆಗಲು ಕೊಡುತ್ತವೆ. ಎಣ್ಣೆ ಸೋರಿದರೆ, ಸೇತುವೆ ಕುಸಿದರೆ ಈ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದು ಕಾಣುತ್ತದೆ.

ನಾವಿಕನ ಕಾಲು ಮುರಿದ ಕ್ಲೇಮು ಮಾತ್ರ ಆ ಎತ್ತರಕ್ಕೆ ಏರುವುದಿಲ್ಲ. ಅದು ಕೆಳಗೇ ಉಳಿಯುತ್ತದೆ, ಎಷ್ಟೋ ಸಲ ಮಾಲೀಕನ ಡಿಡಕ್ಟಿಬಲ್ ಒಳಗೇ ಮುಗಿಯುತ್ತದೆ. ಅಂದರೆ ನೋವಿನ ಮೊದಲ ಡಾಲರುಗಳು ಮಾಲೀಕನ ಸ್ವಂತ ಜೇಬಿನವು. ಅದಕ್ಕಿಂತ ಹೆಚ್ಚಾದದ್ದು ಅವನ ಕ್ಲೇಮು ದಾಖಲೆಗೆ ಸೇರಿ ಮುಂದಿನ ಫೆಬ್ರವರಿಯ ಕಾಲ್ ಏರಿಸುತ್ತದೆ. ಆದ್ದರಿಂದ ಕ್ಲೇಮನ್ನು ತಗ್ಗಿಸಲು, ಎಳೆಯಲು ಮಾಲೀಕನಿಗೆ ಎರಡೆರಡು ಕಾರಣ. ಎಳೆತದ ಬೆಲೆ ತೆರುವವನು ಮಾತ್ರ ಸಂಘದ ಸದಸ್ಯನೂ ಅಲ್ಲ, ಸಭೆಯಲ್ಲಿ ಕೂರುವವನೂ ಅಲ್ಲ. ನಿಮ್ಮ ಮಂಡಳಿಯಲ್ಲಿ ಹಡಗು ಮಾಲೀಕರಿದ್ದಾರೆ. ನಾವಿಕರ ಪರವಾಗಿ ಕೇಳಿಸಿಕೊಳ್ಳಲಾದರೂ ಒಬ್ಬರಿಗೆ ಒಂದು ಕುರ್ಚಿ ಬೇಡವೇ?

ನಿಮ್ಮ ಇತಿಹಾಸವನ್ನೇ ತೆಗೆದು ನೋಡಿ. 1846ರಲ್ಲಿ ಇಂಗ್ಲೆಂಡಿನ ಒಂದು ಕಾಯ್ದೆ, ಇನ್ನೊಬ್ಬರ ತಪ್ಪಿನಿಂದ ಸತ್ತವರ ಮನೆಯವರಿಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಆ ಹೊಣೆ ಹಾಗೂ ಡಿಕ್ಕಿಯ ಹೊಣೆಗೆ ಅಂಜಿದ ಮಾಲೀಕರು 1855ರಲ್ಲಿ ಮೊದಲ ಪ್ರೊಟೆಕ್ಷನ್ (ರಕ್ಷಣೆ) ಸಂಘ ಕಟ್ಟಿದರು. 1870ರಲ್ಲಿ ವೆಸ್ಟನ್‌ಹೋಪ್ ಎಂಬ ಹಡಗು ದಕ್ಷಿಣ ಆಫ್ರಿಕಾದ ಬಳಿ ಮುಳುಗಿ ಸರಕಿನ ಹೊಣೆ ಮಾಲೀಕನ ತಲೆಗೆ ಬಂದ ಮೇಲೆ, 1874ರಲ್ಲಿ ಇಂಡೆಮ್ನಿಟಿ (ನಷ್ಟ ತುಂಬಿಕೊಡುವ) ಭಾಗವೂ ಸೇರಿತು. ಇದರಲ್ಲಿ ನಾವು ಎಲ್ಲಿದ್ದೆವು? ಜೊತೆ ಕೆಲಸಗಾರನ ತಪ್ಪಿಗೆ ಒಡೆಯ ಹೊಣೆಯಲ್ಲ ಎಂಬ ಅಂದಿನ ನ್ಯಾಯ ನಮ್ಮನ್ನು ಹೊರಗಿಟ್ಟಿತ್ತು. 1897ರ ಕಾರ್ಮಿಕರ ಪರಿಹಾರ ಕಾಯ್ದೆಯಲ್ಲೂ ನಾವಿಕರಿಗೆ ಜಾಗ ಸಿಗಲಿಲ್ಲ, ಸಿಕ್ಕಿದ್ದು 1906ರಲ್ಲಿ. ಮೊದಲ ಸಂಘ ಹುಟ್ಟಿ ಅಷ್ಟೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ಸರಕು ನಮಗಿಂತ ಮುಂಚೆ ನಿಮ್ಮ ಪುಸ್ತಕ ಸೇರಿತ್ತು. ಈ ಮಾತನ್ನು ಹಳೆಯ ಸಿಟ್ಟಿನಿಂದ ಹೇಳುತ್ತಿಲ್ಲ. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸುವ ಅಭ್ಯಾಸ ಇನ್ನೂ ಹೋಗಿಲ್ಲ ಎನ್ನುವುದಕ್ಕೆ ಹೇಳುತ್ತಿದ್ದೇನೆ.

ನಿಮ್ಮ ನಿಯಮಾವಳಿಯಲ್ಲಿ ಹಳೆಯದೊಂದು ಸೂತ್ರ ಇದೆ. ಸದಸ್ಯ ಮೊದಲು ತನ್ನ ಕೈಯಿಂದ ಹಣ ಕೊಡಬೇಕು, ಆಮೇಲೆ ಕ್ಲಬ್ ಅವನಿಗೆ ತುಂಬಿಕೊಡುತ್ತದೆ. ಮಾಲೀಕ ದಿವಾಳಿಯಾದರೆ ಏನು ಗತಿ? 1990ರಲ್ಲಿ ಫಾಂಟಿ ಮತ್ತು ಪಾದ್ರೆ ಐಲೆಂಡ್ ಎಂಬ ಹಡಗುಗಳ ಮೊಕದ್ದಮೆಯಲ್ಲಿ ಬ್ರಿಟನ್ನಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಈ ಸೂತ್ರವನ್ನು ಎತ್ತಿಹಿಡಿಯಿತು. ಅಲ್ಲಿ ಹಣ ಕಳೆದುಕೊಂಡವರು ಸರಕಿನವರು, ಆದರೆ ಅದೇ ಬೀಗ ನಮ್ಮ ಬಾಗಿಲಿಗೂ ಬೀಳುವಂಥದ್ದು. 2016ರ ಆಗಸ್ಟ್ 1ರಂದು ಜಾರಿಗೆ ಬಂದ ಬ್ರಿಟಿಷ್ ಕಾಯ್ದೆ, ಕಡಲ ವಿಮೆಯಲ್ಲಿ ಸಾವು ಮತ್ತು ದೇಹದ ಗಾಯದ ಕ್ಲೇಮುಗಳ ಮಟ್ಟಿಗೆ ಆ ಬೀಗ ತೆಗೆಯಿತು. ಎಂಎಲ್‌ಸಿ ಪ್ರಮಾಣಪತ್ರವೂ ನೇರವಾಗಿ ನಿಮ್ಮನ್ನೇ ಕೇಳುವ ಹಕ್ಕು ಕೊಟ್ಟಿದೆ. ಕಾನೂನಿನ ಬಾಗಿಲು ತೆರೆದಿದೆ ಎಂದಮೇಲೆ "ನಮ್ಮ ವ್ಯವಹಾರ ಸದಸ್ಯರೊಂದಿಗೆ" ಎಂಬ ಉತ್ತರ ಇನ್ನೂ ಏಕೆ ಬರುತ್ತಿದೆ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಸ್ಥಿತಿ ನಮ್ಮದು.

ಈಗ ಆ ಎರಡು ಅಂಕಿಗಳ ವಿಚಾರ. ನನ್ನ ಕೊನೆಯ ಹಡಗಿನ ಮಾಲೀಕರು ಒಂದು ಬಂದರಿನಾಚೆ ಲಂಗರು ಹಾಕಿಸಿ, ನಿಧಾನವಾಗಿ ಇಮೇಲಿಗೆ ಉತ್ತರಿಸುವುದನ್ನು ನಿಲ್ಲಿಸಿದರು. ಮೊದಲು ಸಂಬಳ ನಿಂತಿತು. ಆಮೇಲೆ ಡೀಸೆಲ್ ನಿಂತಿತು. ದಿನಕ್ಕೆ ಎರಡು ಗಂಟೆ ಮಾತ್ರ ಜನರೇಟರ್ ಹಾಕುತ್ತಿದ್ದೆವು, ಆ ಹೊತ್ತಿನಲ್ಲಿ ಎಸಿಯಿಂದ ಹನಿಯುವ ನೀರನ್ನು ಬಕೆಟ್ಟಿಗೆ ಹಿಡಿದು ಬಟ್ಟೆ ಒಗೆಯುತ್ತಿದ್ದೆವು. ಅಡುಗೆಯವನು ಅಕ್ಕಿಯನ್ನು ಲೋಟದಲ್ಲಿ ಅಳೆದು, ಅಳೆದದ್ದನ್ನು ಪುಸ್ತಕದಲ್ಲಿ ಬರೆಯುತ್ತಿದ್ದ. ಎಂಎಲ್‌ಸಿ ಪ್ರಕಾರ ಎರಡು ತಿಂಗಳು ಸಂಬಳ ಕೊಡದೆ ಸಂಬಂಧ ಕಡಿದುಕೊಂಡರೆ ಅದು ಕೈಬಿಟ್ಟಂತೆ. ಆ ಲೆಕ್ಕ ತುಂಬಿದ ದಿನ ಎಲ್ಲರೂ ಮೆಸ್ ರೂಮಿನ ಗೋಡೆಯ ಮುಂದೆ ನಿಂತೆವು. ನಂಬರು ಪೂರ್ತಿ ಇರಲಿಲ್ಲ. ಕ್ಯಾಪ್ಟನ್ನರ ಕಡತದಿಂದ ಮೂಲಪ್ರತಿ ತೆಗೆದು ಫೋನ್ ಮಾಡಿದೆವು. ಶುಕ್ರವಾರ ಸಂಜೆ. ಕಚೇರಿ ವೇಳೆ ಮುಗಿದಿದೆ ಎಂದು ಧ್ವನಿಮುದ್ರಿತ ಹೆಣ್ಣುದನಿಯೊಂದು ಹೇಳಿತು.

ಸೋಮವಾರ ಉತ್ತರ ಬಂತು, ಸದಸ್ಯರನ್ನು ವಿಚಾರಿಸುತ್ತೇವೆ ಎಂದು. ಮೊದಲ ದಿನಸಿ ಬಂದದ್ದು ನಮ್ಮ ಕರೆಯ 19 ದಿನಗಳ ನಂತರ. ಕೊನೆಗೆ ನಿಮ್ಮ ಸಹೋದರ ಸಂಸ್ಥೆಯೇ ನಮ್ಮನ್ನು ಮನೆಗೆ ಕಳಿಸಿತು, ನಾಲ್ಕು ತಿಂಗಳ ಸಂಬಳವನ್ನೂ ಕೊಟ್ಟಿತು. ನಮಗೆ ಬರಬೇಕಿದ್ದುದು ಒಂಬತ್ತು ತಿಂಗಳದ್ದು. ನಾಲ್ಕಕ್ಕಿಂತ ಹೆಚ್ಚು ಕೊಡುವ ಕಡ್ಡಾಯ ಇಲ್ಲ ಎಂದು ನನಗೂ ಗೊತ್ತು, ಮಿತಿ ಹಾಕಿದ್ದು ಒಡಂಬಡಿಕೆಯೇ. ಆದರೆ ಆ ಒಡಂಬಡಿಕೆ ಬರೆದದ್ದು ಕನಿಷ್ಠ ಮಟ್ಟವನ್ನು. ಅದನ್ನೇ ಗರಿಷ್ಠ ಮಾಡಿಕೊಂಡಿರುವವರು ನೀವು.

ನಾವು ಅದೃಷ್ಟವಂತರು. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟವಾದ ಐಟಿಎಫ್ ಲೆಕ್ಕದ ಪ್ರಕಾರ 2024ರಲ್ಲಿ 312 ಹಡಗುಗಳಲ್ಲಿ 3,133 ನಾವಿಕರನ್ನು ಮಾಲೀಕರು ಕೈಬಿಟ್ಟರು. ಈಜಿಪ್ಟಿನಲ್ಲಿ ಅಮಾನ್ ಎಂಬ ಹಡಗನ್ನು 2017ರಲ್ಲಿ ತಡೆಹಿಡಿದಾಗ ನ್ಯಾಯಾಲಯ ಅದರ ಚೀಫ್ ಆಫೀಸರನ್ನೇ ಹಡಗಿನ ಕಾನೂನುಬದ್ಧ ಪಾಲಕನನ್ನಾಗಿ ಮಾಡಿತು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಹೋದರು, ಅವನು ಉಳಿದ. ತಾಯಿ ತೀರಿಕೊಂಡ ಸುದ್ದಿ ಹಡಗಿನಲ್ಲೇ ಬಂತು. ಮನೆಗೆ ಹೊರಟದ್ದು 2021ರ ಏಪ್ರಿಲ್‌ನಲ್ಲಿ. ನನ್ನದೇ ಹುದ್ದೆಯವನು ಅವನು. ಆ ಸುದ್ದಿ ಓದಿದಾಗಲೆಲ್ಲ, ಸಹಿ ಮಾಡು ಎಂದು ನನ್ನ ಮುಂದೆ ಬಂದಿರಬಹುದಾಗಿದ್ದ ಅಂಥದೇ ಕಾಗದ ಕಣ್ಣಿಗೆ ಕಟ್ಟುತ್ತದೆ. ಬೈರೂತಿನ ರೋಸಸ್ ಹಡಗಿನ ಮಾತು ಎಲ್ಲರಿಗೂ ಗೊತ್ತು. 2013ರಲ್ಲಿ ಮಾಲೀಕ ಕೈಬಿಟ್ಟ, ಕ್ಯಾಪ್ಟನ್ ಮತ್ತು ಮೂವರು ತಿಂಗಳುಗಟ್ಟಲೆ ಅದರಲ್ಲೇ ಸೆರೆಯಾದರು. ಹಡಗಿನಿಂದ ಇಳಿಸಿಟ್ಟ 2,750 ಟನ್ ಅಮೋನಿಯಂ ನೈಟ್ರೇಟ್ 2020ರ ಆಗಸ್ಟ್ 4ರಂದು ಸಿಡಿದು 200ಕ್ಕೂ ಹೆಚ್ಚು ಜನ ಸತ್ತರು. ಈಗಿನ ಪ್ರಮಾಣಪತ್ರ ಅಂದು ಇರಲಿಲ್ಲ. ಕೈಬಿಟ್ಟ ಹಡಗು ನಾವಿಕರಿಗಷ್ಟೇ ಅಪಾಯ ಎಂದು ಮಾತ್ರ ಯಾರೂ ಇನ್ನು ಹೇಳಲಾಗದು.

ಇಂಥವೆಲ್ಲ ನಮ್ಮ ಹಡಗುಗಳಲ್ಲ, ಕ್ಲಬ್ಬಿನ ಹೊರಗಿನವು ಎಂದು ನೀವು ಹೇಳುವುದು ಗೊತ್ತು. ಅದರಲ್ಲಿ ಸತ್ಯಾಂಶವಿದೆ. 2023ರ ಮೇ 1ರಂದು ಮಲೇಷ್ಯಾದ ಕಡಲಿನಲ್ಲಿ ಪಾಬ್ಲೋ ಎಂಬ ಹಳೆಯ ಟ್ಯಾಂಕರ್ ಸಿಡಿದಾಗ 28 ಜನರಲ್ಲಿ 25 ಮಂದಿಯನ್ನು ಉಳಿಸಲಾಯಿತು, ಮೂವರು ಸಿಗಲೇ ಇಲ್ಲ. ಅದರ ವಿಮೆಗಾರ ಯಾರೆಂದು ಯಾರಿಗೂ ಹೇಳಲಾಗಲಿಲ್ಲ. ನಿಮ್ಮಂಥ ಸಂಘ ಇಲ್ಲದ ಕಡಲು ಹೇಗಿರುತ್ತದೆ ಎಂಬುದಕ್ಕೆ ಅದು ಸಾಕ್ಷಿ, ಆದ್ದರಿಂದಲೇ ಒಳ್ಳೆಯ ಕ್ಲಬ್ಬಿನಿಂದ ನಮ್ಮ ನಿರೀಕ್ಷೆ ಹೆಚ್ಚು. ಇನ್ನೂ ಒಂದು ಮಾತು. ಎಷ್ಟೋ ಹಡಗುಗಳು ಹೊರಗೆ ಹೋಗುವುದು ಕಾಲ್ ಕಟ್ಟದೆ ಕ್ಲಬ್ಬು ಅವನ್ನು ಕೈಬಿಟ್ಟ ಮೇಲೆ. ಪ್ರಮಾಣಪತ್ರ ರದ್ದು ಮಾಡುವ 30 ದಿನ ಮುಂಚೆ ಧ್ವಜ ರಾಷ್ಟ್ರಕ್ಕೆ, ಅಂದರೆ ಹಡಗು ನೋಂದಣಿಯಾದ ದೇಶಕ್ಕೆ, ನೀವು ನೋಟಿಸ್ ಕೊಡಬೇಕು. ಅದೇ ನೋಟಿಸನ್ನು ಅದೇ ದಿನ ಹಡಗಿನ ಮೆಸ್ ರೂಮಿಗೂ ಕಳಿಸಿ. ಮೂವತ್ತು ದಿನದಲ್ಲಿ ಒಬ್ಬ ನಾವಿಕ ಮುಂದಿನ ಬಂದರಿನಲ್ಲಿ ಇಳಿಯಬೇಕೋ ಬೇಡವೋ ಎಂದು ನಿರ್ಧರಿಸಬಲ್ಲ. ಈಗ ಅವನಿಗೆ ಗೋಡೆಯ ಮೇಲಿನ ಸತ್ತ ಕಾಗದವೇ ಸತ್ಯ.

ಉಳಿದ ಬೇಡಿಕೆಗಳೂ ದೊಡ್ಡವಲ್ಲ. ಹೇಳಿಕೆ ತೆಗೆದುಕೊಳ್ಳಲು ಹಡಗಿಗೆ ಬರುವ ಪ್ರತಿಯೊಬ್ಬರೂ ತಾವು ಯಾರ ಪರ ಎಂದು ಮೊದಲ ವಾಕ್ಯದಲ್ಲೇ ಹೇಳಲಿ, ಹೇಳಿಕೆಯ ಪ್ರತಿಯನ್ನು ಗಾಯಾಳುವಿಗೆ ಕೊಡಲಿ. 16 ವಾರ ಮುಗಿದರೂ ದರ್ಜೆ ನಿಗದಿಯಾಗದಿದ್ದರೆ, ಅರ್ಜಿ ಕೇಳದೆ ತಿಂಗಳು ತಿಂಗಳು ಮಧ್ಯಂತರ ಹಣ ಕಳಿಸಿ, ಅಂತಿಮ ಮೊತ್ತದಲ್ಲಿ ಕಳೆದುಕೊಳ್ಳಿ. ಇಬ್ಬರು ವೈದ್ಯರ ಮಾತು ಕೂಡದಿದ್ದರೆ ಇಬ್ಬರಿಗೂ ಒಪ್ಪಿಗೆಯಾಗುವ ಮೂರನೆಯವರ ಖರ್ಚು ನಿಮ್ಮದಾಗಲಿ. ಡಿಡಕ್ಟಿಬಲ್ ಒಳಗಿನ ಗಾಯದ ಹಣವನ್ನೂ ಕ್ಲಬ್ಬೇ ಮೊದಲು ಕೊಟ್ಟು ಸದಸ್ಯನಿಂದ ವಸೂಲಿ ಮಾಡಲಿ. ವಸೂಲಿಯ ಶಕ್ತಿ ನಿಮಗಿದೆ, ಕಾಲು ಮುರಿದವನಿಗಿಲ್ಲ. ಇತ್ಯರ್ಥದ ಪತ್ರವನ್ನು ಸಹಿ ಹಾಕುವವನ ಭಾಷೆಯಲ್ಲಿ ಬರೆದು, ಕರಾರಿನ ಪ್ರಕಾರ ಬರಬೇಕಾದ ಮೊತ್ತ ಎಷ್ಟು, ಈಗ ಕೊಡುತ್ತಿರುವುದು ಎಷ್ಟು ಎಂದು ಎರಡನ್ನೂ ಒಂದೇ ಪುಟದಲ್ಲಿ ನಮೂದಿಸಿ. ಗಂಡ ತೀರಿಕೊಂಡ ಮನೆಗೆ ಹೋಗುವ ಮೊದಲ ಪತ್ರದಲ್ಲೇ ಈ ಲೆಕ್ಕ ಇರಲಿ. "ಸಹಜ ಕಾಯಿಲೆ, ಮೊದಲೇ ಇದ್ದ ಬಿಪಿ" ಎಂದು ನಿರಾಕರಿಸುವುದಾದರೆ ಯಾವ ಪರೀಕ್ಷೆಯ ಆಧಾರದಲ್ಲಿ ಎಂದು ಆ ಹೆಣ್ಣುಮಗಳಿಗೆ ಬರೆದು ತಿಳಿಸಿ. ಹಡಗು ಹತ್ತುವ ಮುಂಚೆ ಅವನಿಗೆ ಫಿಟ್ ಎಂದು ಬರೆದುಕೊಟ್ಟ ವೈದ್ಯರನ್ನು ಆರಿಸಿದ್ದು ಎಷ್ಟೋ ಕಡೆ ನಿಮ್ಮ ಕ್ಲಬ್ಬೇ.

ಗೋಡೆಯ ಕಾಗದದ ಬಗ್ಗೆ ಕೊನೆಯ ಕೋರಿಕೆ. ಅದು ಇಂಗ್ಲಿಷಿನಲ್ಲಿ ಇರಲಿ, ಜೊತೆಗೆ ಆ ಹಡಗಿನ ಸಿಬ್ಬಂದಿ ಓದುವ ಭಾಷೆಯಲ್ಲೂ ಇರಲಿ. ಅದರ ಮೇಲಿನ ನಂಬರಿಗೆ ರಾತ್ರಿ ಎರಡು ಗಂಟೆಗೂ, ಭಾನುವಾರವೂ ಒಬ್ಬ ಮನುಷ್ಯ ಉತ್ತರಿಸಲಿ. ಕರೆ ಬಂದ 72 ಗಂಟೆಯೊಳಗೆ ನೀರು, ಊಟ, ಔಷಧ ಹಡಗು ತಲುಪುವಂತೆ ಬಂದರಿನ ಕರೆಸ್ಪಾಂಡೆಂಟರಿಗೆ ಅಧಿಕಾರ ಕೊಡಿ. ಕಾಲು ಮುರಿದ ದಿನ ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಬಂದ ಆ ಮನುಷ್ಯನಿಗೆ ಇದೆಲ್ಲ ಗೊತ್ತಿತ್ತು. ಮೇಲಿನಿಂದ ಒಪ್ಪಿಗೆ ಬೇಕಿರುವುದು ಅಷ್ಟೇ.

ನನ್ನ ಎಬಿ ಈಗ ಸಮುದ್ರಕ್ಕೆ ಹೋಗಲಾರ. ಸಹಿ ಹಾಕಿದ ಕಾಗದದ ಒಂದು ಪ್ರತಿಯೂ ಅವನ ಬಳಿ ಇಲ್ಲ. ಕೇಳಿದ್ದಕ್ಕೆ "ಕಡತ ಮುಚ್ಚಿದೆ" ಎಂದರಂತೆ. ಅವನ ಒಪ್ಪಿಗೆಯೊಂದಿಗೆ ಕ್ಲೇಮಿನ ವಿವರಗಳನ್ನು ಸಂಬಂಧಪಟ್ಟ ಕ್ಲಬ್ಬಿಗೆ ಪ್ರತ್ಯೇಕವಾಗಿ ಅಂಚೆಯಲ್ಲಿ ಕಳಿಸಿದ್ದೇನೆ. ದಯವಿಟ್ಟು ಆ ಕಡತವನ್ನು ಮತ್ತೆ ತೆರೆಯಿರಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಚೀಫ್ ಆಫೀಸರ್